ಗಣಪತಿಯ ಅಂಗಿ

ಬಸವಕಲ್ಯಾಣದ ಆ ಸಣ್ಣ ಗುಡಿಗೆ ನಾನು ಹುಮನಾಬಾದಿನ ಮನೆಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಹಳೆಯ ಕಲ್ಲುಗಳ ಮೇಲೆ ಕೂತ ಕೊಳೆಯನ್ನು ಲೇಸರ್ ಬೆಳಕಿನಿಂದ ತೆಗೆಯುವುದು ನನ್ನ ಕೆಲಸ. ಬೆಳಕು ಬಿದ್ದಲ್ಲಿ ಮಸಿ ಚಟಪಟ ಸದ್ದು ಮಾಡಿ ಹಾರಿಹೋಗುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ಹಾಗೆಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೆ.

ಬಾಗಿಲ ಪಕ್ಕದ ಗೂಡಿನಲ್ಲಿ ಕಲ್ಲಿನ ಗಣಪತಿ. ದೀಪದ ಹೊಗೆಗೆ ಅದರ ಮುಖ ಪೂರ್ತಿ ಕಪ್ಪಾಗಿತ್ತು. ಅದಕ್ಕೆ ದಿನವೂ ದೀಪ ಹಚ್ಚುವ ಮುದುಕಿಯನ್ನು ನಾನು ಆಯಿ ಎನ್ನುತ್ತಿದ್ದೆ. ಅವರ ಕಣ್ಣು ಮಂದವಾಗುತ್ತಿತ್ತು.

"ನಾ ಸೊಸಿಯಾಗಿ ಬಂದಾಗ ಏನ್ ಚಂದ ಕಾಣತಿತ್ತು ತಂಗಿ, ಈ ಮಾರಿ! ಕಣ್ಣು ಪೂರಾ ಹೋಗೂದ್ರೊಳಗ ಇನ್ನೊಮ್ಮಿ ನೋಡಬೇಕು."

ಕಲ್ಲಿಗೆ ಏನೇನು ಹಚ್ಚುತ್ತಿದ್ದಿರಿ ಎಂದು ಕೇಳಿದೆ.

"ಎಣ್ಣಿ ಅಷ್ಟೇ. ನಮ್ಮತ್ತಿ ಇರೂತನಾ ಹಬ್ಬಕ್ಕೊಮ್ಮಿ ಹೊಸಾ ಅಂಗಿ ತೊಡಸ್ತಿದ್ರು. ಆಮ್ಯಾಗ ನಿಂತೇ ಹೋತು."

'ಹಬ್ಬಕ್ಕೆ ಬಟ್ಟೆ ಉಡಿಸುವ ವಾಡಿಕೆ' ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಮತ್ತೆ ಕೇಳಲಿಲ್ಲ.

ಮೊದಲು ಕಿವಿಯ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ ಬೆಳಕು ಹಾಯಿಸಿ ನೋಡಿದೆ. ಮಸಿ ಹೋಗಿ ಬರಿಯ ಕಲ್ಲು ಕಂಡಿತು. ಧೈರ್ಯ ಬಂತು. ಸೊಂಡಿಲಿಗೆ ಬಂದೆ. ಮಸಿ ಹಾರಿತು, ಕೆಳಗೆ ಕೆಂಪು ಮಿಂಚಿತು. ಕೈ ನಿಲ್ಲಿಸುವಷ್ಟರಲ್ಲಿ ಆ ಕೆಂಪೇ ಕಪ್ಪಾಗಿತ್ತು, ಒಂದು ಅಂಗೈಯಗಲ.

ಅದು ಸಿಂಧೂರ. ಕಿವಿಯ ಹಿಂದೆ ಅದನ್ನು ಹಚ್ಚಿರಲಿಲ್ಲ. ಸೀಸ ಬೆರೆತ ಸಿಂಧೂರ ಈ ಬೆಳಕಿಗೆ ಕಪ್ಪಾಗುತ್ತದೆ. ಓದಿದ್ದೆ, ಗೊತ್ತಿತ್ತು. ಕಣ್ಣಿನ ರಕ್ಷಣೆಗೆ ಹಾಕಿದ್ದ ಕನ್ನಡಕ ತೆಗೆದು ನೆಲದ ಮೇಲೆ ಕೂತುಬಿಟ್ಟೆ.

ಆಯಿ ಬಂದು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

"ಮಸಿ ಇನ್ನಾ ಹೋಗಿಲ್ಲಲ್ಲ ತಂಗಿ? ಇನ್ನೊಮ್ಮಿ ಬೆಳಕ ಹೊಡಿ."

"ಅದು ಮಸಿ ಅಲ್ರಿ, ಆಯಿ. ಕೆಂಪ ಇತ್ತು. ನಾನೇ ಸುಟ್ಟೆ."

ಅವರು ಆ ಕಪ್ಪನ್ನು ಬೆರಳಿನಿಂದ ಸವರಿ ನೋಡಿದರು.

"ಅಂಗಿ ಅಂದ್ರ ಶೇಂದೂರ ಅಂತ ತಿಳೀಲಿಲ್ಲೇನ? ಹುಮನಾಬಾದಿನಾಕಿ ಅಂತಿ, ಟಾವೆಲ್ ಸುತ್ತತಿದ್ವಿ ಅಂತ ತಿಳ್ದೇನ ಗಣಪತಿಗೆ?"

ನನಗೆ ನಗು ಬರಲಿಲ್ಲ. ಅವರೇ ದನಿ ತಗ್ಗಿಸಿದರು. "ಹೊಸಾ ಶೇಂದೂರ ಕಲಸಿ ಮ್ಯಾಲ ಹಚ್ಚಿಬಿಡ್ಲೇನ? ಯಾರಿಗೂ ಗೊತ್ತಾಗೂದಿಲ್ಲ."

ಹೂಂ ಎನ್ನಲು ನಾಲಿಗೆಯ ತುದಿಯವರೆಗೆ ಬಂದಿತ್ತು. "ಬ್ಯಾಡ್ರಿ, ಆಯಿ," ಎಂದೆ. ಫೋಟೋ ತೆಗೆದೆ. ಪುಸ್ತಕದಲ್ಲಿ ಬಟ್ಟೆಯ ಸಾಲನ್ನು ಹೊಡೆದು ಹಾಕದೆ, ಅದರ ಕೆಳಗೆ ನಡೆದದ್ದನ್ನು ಬರೆದೆ.

ಯಂತ್ರವನ್ನು ಮುಚ್ಚಿಟ್ಟಿದ್ದೇನೆ. ಉಳಿದ ಮುಖದ ಮಸಿಯನ್ನು ಒದ್ದೆ ಹತ್ತಿಯಿಂದ, ದಿನಕ್ಕೆ ಒಂದು ಉಗುರಿನಷ್ಟು ಬಿಡಿಸುತ್ತಿದ್ದೇನೆ. ಕೆಂಪು ಉಳಿಯುತ್ತಿದೆ. ಆಯಿ ಈಗ ಗೋಡೆ ಹಿಡಿದು ಬರುತ್ತಾರೆ.

"ಎಲ್ಲಿತನಾ ಬಂತು?"

"ಗಲ್ಲದ ತನಾ ಬಂದದ್ರಿ. ಕಣ್ಣು ಇನ್ನಾ ಬಾಕಿ ಅದಾವ."

"ಲಗೂನ ಮಾಡು," ಎನ್ನುತ್ತಾರೆ. ಬೇಗ ಮಾಡುವ ದಾರಿ ನನಗೆ ಒಂದೇ ಗೊತ್ತು, ಆ ಮುಚ್ಚಿಟ್ಟ ಯಂತ್ರ.