ಸ್ವಗತ ಹೇಳಲು ಕಲಿತದ್ದು

ನನಗಾಗ ಇಪ್ಪತ್ತೆರಡು ವರ್ಷ. ಸಿಂಗಟಗೆರೆಯ ಹತ್ತಿರ ನಮ್ಮೂರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಚಿಕ್ಕಪ್ಪ. ಕೆರೆ ನೀರಿನ ಜಗಳದಲ್ಲಿ ಪಕ್ಕದ ಗದ್ದೆಯವನು ದೊಣ್ಣೆ ಬೀಸಿ ಅವರ ಕಾಲು ಮುರಿದಿದ್ದ. ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ. ನನಗೆ ಅಷ್ಟು ಸಾಲಲಿಲ್ಲ. "ಅವನ ಕಾಲೂ ಮುರೀದಿದ್ರೆ ನಾನು ಗಂಡಸೇ ಅಲ್ಲ" ಎಂದು ಅರಳಿಕಟ್ಟೆಯಲ್ಲಿ ಎಲ್ಲರೆದುರು ಆಡಿಬಿಟ್ಟಿದ್ದೆ. ಆಮೇಲೆ ಮೂರು ವರ್ಷ ಕಳೆಯಿತು. ಊರಲ್ಲಿ ಯಾರು ನಕ್ಕರೂ ನನ್ನನ್ನೇ ನೋಡಿ ನಕ್ಕಂತೆ ಅನ್ನಿಸುತ್ತಿತ್ತು.

ಆ ವರ್ಷ ಸುಗ್ಗಿ ಮುಗಿದ ಮೇಲೆ, ಕಡೂರಿನ ಶಾಲೆಯಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರು ತಾವೇ ಒಂದು ನಾಟಕ ಬರೆದು ಆಡಿಸಲು ಹೊರಟರು. ತಂದೆಯನ್ನು ಕೊಂದವನ ಮೇಲೆ ಮಗ ಸೇಡು ತೀರಿಸಿಕೊಳ್ಳುವ ಕಥೆ. ಕೊನೆಗೆ ಇಬ್ಬರೂ ಸಾಯುತ್ತಾರೆ. ಮಗನ ಪಾತ್ರ ನನಗೇ ಬಂತು. ಅವನು ಕತ್ತಿ ಹಿಡಿದು ಹೊರಟವನು ದಾರಿಯಲ್ಲಿ ನಿಂತು ಉದ್ದನೆಯ ಸ್ವಗತವೊಂದನ್ನು ಹೇಳಬೇಕಿತ್ತು.

"ಇದನ್ನ ತೆಗೆದ್ಬಿಡೋಣ ಮೇಷ್ಟ್ರೇ. ಕೊಲ್ಲೋಕೆ ಹೊರಟೋನು ಇಷ್ಟೊಂದು ಮಾತಾಡ್ತಾನಾ?" ಎಂದೆ.

"ಮೊದ್ಲು ಹೇಳು, ನೋಡೋಣ."

ಎದೆಯುಬ್ಬಿಸಿ ಕೂಗಿದೆ. ಮೇಷ್ಟ್ರು ಕೈಯೆತ್ತಿ ತಡೆದರು. "ಯಾರಿಗೆ ಕೂಗ್ತಿದ್ದೀಯಪ್ಪಾ? ಅಲ್ಲಿ ಅವನೊಬ್ನೇ ಇರೋದು. ಕೇಳೋರಿಲ್ದಾಗ ಮನುಷ್ಯ ಯಾರಿಗೆ ಅಂತ ಸುಳ್ಳು ಹೇಳ್ತಾನೆ? ನಿಂಗೆ ನೀನೇ ಹೇಳ್ಕೋ."

ಮಾರನೆಯ ಬೆಳಿಗ್ಗೆ ನಮ್ಮ ತೆಂಗಿನ ತೋಟದಲ್ಲಿ ಒಬ್ಬನೇ ನಿಂತು ಮೆಲ್ಲಗೆ ಹೇಳಿಕೊಂಡೆ. "ಸತ್ತ ತಂದೆ ನನ್ನನ್ನು ಏನೂ ಕೇಳಲಿಲ್ಲ. ಕೇಳುತ್ತಿರುವುದು ಊರು. ಹಾಗಾದರೆ ಈ ಕತ್ತಿ ಯಾರದು?" ಆ ಕೊನೆಯ ಸಾಲನ್ನು ಮತ್ತೊಮ್ಮೆ ಹೇಳಿಕೊಂಡೆ. ಅಷ್ಟು ದಿನ ನಾನು ಅದನ್ನು ಒಬ್ಬ ವೀರನ ಕಥೆ ಎಂದುಕೊಂಡಿದ್ದೆ. ಆದರೆ ಆ ಮಗನಿಗೆ ದ್ವೇಷಕ್ಕಿಂತ ಹೆಚ್ಚಾಗಿ ಇದ್ದದ್ದು ನಾಚಿಕೆ, ಹೇಡಿ ಅನ್ನಿಸಿಕೊಳ್ಳುವ ಭಯ. ಅದು ಅವನಿಗೇ ಗೊತ್ತಿತ್ತು. ಗೊತ್ತಿದ್ದೂ ಹೋದ. ಸಾವಿಗಿಂತ ಆ ಹೋಗುವಿಕೆಯೇ ದೊಡ್ಡ ದುರಂತವೆಂದು ಆಗ ತಿಳಿಯಿತು.

ನೇರವಾಗಿ ಮನೆಗೆ ಬಂದೆ. ಚಿಕ್ಕಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು.

"ಚಿಕ್ಕಪ್ಪ, ಅವನಿಗೆ ನಾನು ತಿರುಗಿಸಿ ಹೊಡೀಬೇಕು ಅಂತ ನಿಮಗೆ ಐತಾ?"

ಅವರ ಕೈ ನಿಂತಿತು. "ನಾನ್ಯಾವತ್ತು ಅಂದೆ? ನೀನು ಹೊರಗೆ ಹೋದಾಗೆಲ್ಲ ನನ್ನ ಜೀವ ಹೊಡ್ಕೊಳ್ತಿತ್ತು ಕಣೋ. ಬ್ಯಾಡ ಅಂದ್ರೆ ನಿನ್ನ ಮಾನ ಹೋದೀತು ಅಂತ ಸುಮ್ಕಿದ್ದೆ."

ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅಳು ನಿಂತಾಗ ಮೈ ಹಗುರಾಗಿತ್ತು. ಚಿಕ್ಕಮ್ಮ ಬಂದು ಏನಾಯ್ತೆಂದು ಕೇಳದೆ ಎರಡು ಲೋಟ ಮಜ್ಜಿಗೆ ಇಟ್ಟುಹೋದರು.

ನಾಟಕದ ದಿನ ಆ ಸ್ವಗತವನ್ನು ಕೂಗದೆ ಹೇಳಿದೆ. ಹಿಂದೆ ಕೂತವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ. ಮೇಷ್ಟ್ರು ಮಾತ್ರ ಮೆಚ್ಚಿ ತಲೆಯಾಡಿಸಿದರು. ಆ ವಾರವೇ ಕೆರೆ ಏರಿಯ ಮೇಲೆ ಆ ಗದ್ದೆಯವನು ಎದುರಾದ. ಅವನು ಹೆದರಿ ಪಕ್ಕಕ್ಕೆ ಸರಿದ. "ಹೋಗಣ್ಣ, ದಾರಿ ಐತೆ" ಎಂದು ನಾನೂ ಸರಿದು ನಿಂತೆ.