ಬೈಲಹೊಂಗಲದಲ್ಲಿ ಒಂದು ಮುಷ್ಟಿ ಸಕ್ಕರೆ

ಕೆಲಸಕ್ಕೆ ಸೇರಿದ ಮೊದಲ ದಿನವೇ ಕೂದಲೆಳೆಯಷ್ಟು ಸಣ್ಣ ಗಾಜಿನ ಕೊಳವೆ ಕೈಗಿಟ್ಟು, ಇದಕ್ಕೆ ಇಪ್ಪತ್ತು ಸಾವಿರ ವೋಲ್ಟ್ ಕೊಡಬೇಕು ಅಂದರು. ಅಯ್ಯೋ ದೇವರೇ! ಪಾಂಡವಪುರದ ನಮ್ಮ ಮನೆಯಲ್ಲಿ ಫ್ಯೂಸ್ ಹೋದರೆ ಪಕ್ಕದ ಮನೆಯವರನ್ನು ಕೂಗುವವಳು ನಾನು.

ಬೈಲಹೊಂಗಲದ ಈ ಚಿಕ್ಕ ಪ್ರಯೋಗಾಲಯದಲ್ಲಿ ಬೆಲ್ಲ ಪರೀಕ್ಷಿಸುವುದು ನನ್ನ ಕೆಲಸ. ಸಕ್ಕರೆ ಸುಮ್ಮನೆ ಬೆಳಕಿಗೆ ಸಿಕ್ಕಿಬೀಳುವುದಿಲ್ಲ. ತೀಕ್ಷ್ಣ ಕ್ಷಾರದಲ್ಲಿ ಆ ಕೊಳವೆಯೊಳಗೆ ಓಡಿಸಿದರೆ ಬೆಲ್ಲದ ಮೂರು ಬಗೆಯ ಸಕ್ಕರೆಗಳು ಬೇರೆಬೇರೆಯಾಗಿ ಬಂದು, ನೇರಳಾತೀತ ಬೆಳಕನ್ನು ಹೀರಿ, ಪರದೆಯ ಮೇಲೆ ಮೂರು ಗುಡ್ಡಗಳಾಗಿ ಏಳುತ್ತವೆ. ಯಾರಾದರೂ ಅಂಗಡಿ ಸಕ್ಕರೆ ಬೆರೆಸಿದ್ದರೆ ಒಂದು ಗುಡ್ಡ ಮಿತಿಮೀರಿ ಬೆಳೆದು ಉಳಿದೆರಡು ಕುಗ್ಗುತ್ತವೆ.

ನಮ್ಮ ಆಲೆಮನೆಗೆ ಇಲ್ಲಿ ಗಾಣ ಅನ್ನುತ್ತಾರೆ. ನಮ್ಮ ಅಚ್ಚುಬೆಲ್ಲದ ಜಾಗದಲ್ಲಿ ಇಲ್ಲಿ ಪೆಂಟಿ, ಅಂದರೆ ದೊಡ್ಡ ಗಡ್ಡೆ. ಮುದ್ದೆ ಬಿಟ್ಟು ರೊಟ್ಟಿಗೆ ಒಗ್ಗಿಕೊಂಡೆ, ಆ ವೋಲ್ಟಿನ ಹೆದರಿಕೆಗೆ ಮಾತ್ರ ಒಗ್ಗಲಿಲ್ಲ.

ಸುರೇಬಾನದಲ್ಲಿ ಗಾಣ ನಡೆಸುವ ಶಾಂತವ್ವ, ಮಾದರಿಗೆಂದು ನಾನು ಕಳಿಸಿದ್ದ ಡಬ್ಬಿಯಲ್ಲಿ ತುಂಬಿ ಕಳಿಸಿದ ಬೆಲ್ಲದಲ್ಲಿ ಆ ಒಂದು ಗುಡ್ಡ ತಲೆಯೆತ್ತಿತು. ಮೂರು ಸಲ ಓಡಿಸಿದರೂ ಅದೇ. ಕಲಬೆರಕೆ ಎಂದು ಸಹಿ ಹಾಕಿದರೆ ವ್ಯಾಪಾರಿ ಲಾರಿಯನ್ನೇ ವಾಪಸ್ ಕಳಿಸುತ್ತಾನೆ, ಆಕೆಯ ಹೆಸರು ಮಣ್ಣುಪಾಲು. ಹಾಕದಿದ್ದರೆ ನಾನು ಸುಳ್ಳುಗಾರ್ತಿ. ಪೆನ್ನು ಕೆಳಗಿಟ್ಟೆ. ಫೋನ್ ಮಾಡಿದೆ.

“ಶಾಂತವ್ವಾರೇ, ಬೆಲ್ಲಕ್ಕೆ ಸಕ್ಕರೆ ಏನಾದ್ರೂ ಹಾಕಿದ್ರಾ?”

“ಯವ್ವಾ! ಏನ್ ಮಾತು ಆಡಾಕತ್ತೀರಿ? ನಮ್ಮ ಮಾವನ ಕಾಲದ ಗಾಣ ಐತ್ರಿ ಇದು!” ಆಮೇಲೆ ಆಕೆಯ ದನಿ ಇಳಿಯಿತು. “ನೀವು ಕಳಿಸಿದ ಡಬ್ಬಿ ಖಾಲಿ ಇತ್ತಲ್ರೀ. ಖಾಲಿ ಡಬ್ಬಿ ಮನ್ಯಾಗ ಇಡಬಾರದಂತ ಒಂದು ಮುಷ್ಟಿ ಸಕ್ಕರಿ ಹಾಕಿ ಇಟ್ಟಿದ್ನಿ. ಅದರ ಮ್ಯಾಲೇ ಬೆಲ್ಲ ತುಂಬಿ ಕಳಿಸೇನಿ. ತಪ್ಪಾತೇನ್ರಿ?”

ಮರುದಿನ ಸವದತ್ತಿಯಲ್ಲಿ ಬಸ್ಸು ಬದಲಿಸಿ ಸುರೇಬಾನಕ್ಕೆ ನಾನೇ ಹೋದೆ. “ಬರ್ರಿ, ಕುಂದರ್ರಿ. ಮುಖ ಯಾಕ ಹಂಗ ಸಣ್ಣ ಮಾಡೀರಿ? ಕಲಬೆರಕಿ ಕೇಸ್ ನನ್ನ ಮ್ಯಾಲೋ, ನಿಮ್ಮ ಮ್ಯಾಲೋ?” ಎಂದು ಶಾಂತವ್ವ ನಕ್ಕು ಕಬ್ಬಿನ ಹಾಲು ಕೊಟ್ಟರು. ನನಗೆ ನಗು ಬರಲಿಲ್ಲ. ಪೆಂಟಿಯಿಂದಲೇ ತುಂಡು ಒಡೆದು ತಂದು ಓಡಿಸಿದೆ. ಮೂರು ಗುಡ್ಡಗಳೂ ಇರಬೇಕಾದಂತೆ ಇದ್ದವು. ಶುದ್ಧ ಎಂದು ಸಹಿ ಹಾಕಿದೆ.

ಹೆದರಿಕೆ ಹೋಯಿತೆಂದುಕೊಳ್ಳಬೇಡಿ, ಹೆಚ್ಚಾಗಿದೆ; ಈಗ ವೋಲ್ಟಿಗಲ್ಲ, ನನ್ನ ಸಹಿಗೆ. ಪಾಂಡವಪುರದಲ್ಲಿ ನನ್ನ ಅವ್ವನೂ ಯಾರ ಪಾತ್ರೆಯನ್ನೂ ಖಾಲಿಯಾಗಿ ವಾಪಸ್ ಕೊಟ್ಟವಳಲ್ಲ. ಊರು ಬಿಟ್ಟು ವರ್ಷವೂ ತುಂಬಿಲ್ಲ, ನಾನು ಖಾಲಿ ಡಬ್ಬಿಯನ್ನು ಒಂದು ಮನೆಗೆ ಕಳಿಸಿದೆ. ಶಾಂತವ್ವ ನನಗಿಂತ ಹೆಚ್ಚು ನಮ್ಮೂರಿನವರು. ಅಂಥವರನ್ನು ನಾನು ಕಲಬೆರಕೆ ಮಾಡುವವರೆಂದು ಬರೆಯುವವಳಿದ್ದೆ.