ಎರಡು ಬಳೆಗಳ ಪಟ್ಟಿ

ನನಗೆ ಗಂಟು ಹಾಕಲು ಬರುವುದಿಲ್ಲ. ಮಿರಜಿನ ನಮ್ಮ ಮನೆಯ ಮಾಳಿಗೆಯ ಮೇಲೆ ನಾನು ಬಟ್ಟೆ ಒಣಹಾಕಲು ಕಟ್ಟಿದ ಹಗ್ಗ ಮೊದಲ ಹಸಿ ಚಾದರಕ್ಕೇ ಶರಣಾಗುತ್ತದೆ. ಹೆಂಡತಿ ಅದನ್ನು ಮತ್ತೆ ಕಟ್ಟುವಾಗ ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡು ದೇಶದ ಚಿಂತೆ ಮಾಡುತ್ತಿರುತ್ತೇನೆ. ಇಂಥವನು ಕಳೆದ ಬೇಸಿಗೆಯ ಕೊನೆಗೆ, ಸಾಂಗ್ಲಿವಾಡಿಯ ಅಕ್ಕನ ಅಂಗಳದಲ್ಲಿ, ಇಡೀ ಮುಂಜಾನೆ ಒಂದು ಹಗ್ಗವನ್ನೇ ನೋಡುತ್ತ ಬಾಯಿ ತೆರೆದು ನಿಂತಿದ್ದೆ.

ಪದ್ಮಕ್ಕನ ಅಂಗಳದಲ್ಲಿ ದೊಡ್ಡದೊಂದು ಹುಣಸೆಮರವಿದೆ. ಮಳೆಗಾಲಕ್ಕೆ ಮುಂಚಿನ ಬಿರುಗಾಳಿಗೆ ಅದರ ದಪ್ಪ ಟೊಂಗೆಯೊಂದು ಸೀಳಿ, ಪಕ್ಕದ ಬಾಳು ಕಾಕಾರ ತಗಡಿನ ಮನೆಯ ಮೇಲೆ ಜೋತುಬಿದ್ದಿತ್ತು. ಪೂರ್ತಿ ಮುರಿದಿರಲಿಲ್ಲ, ಪೂರ್ತಿ ಅಂಟಿಕೊಂಡೂ ಇರಲಿಲ್ಲ. ಕಾಕಾ ಹೆದರಿ ಮಂಚವನ್ನು ಬೀದಿಯ ಕಡೆಯ ಪಡಸಾಲೆಗೆ ಸಾಗಿಸಿದ್ದರು. ಮರವನ್ನು ಬುಡಸಮೇತ ಕಡಿಸಿಬಿಡಿ ಎಂದು ದಿನಾ ಬೇಲಿಯಾಚೆಯಿಂದ ಮರಾಠಿಯಲ್ಲಿ ಕೂಗುತ್ತಿದ್ದರು. ಅವರದೇನೂ ತಪ್ಪಿಲ್ಲ; ತಲೆಯ ಮೇಲೆ ಎತ್ತಿನಷ್ಟು ಭಾರ ತೂಗುತ್ತಿರುವಾಗ ಯಾರಿಗೂ ವೃಕ್ಷಪ್ರೇಮ ಉಕ್ಕುವುದಿಲ್ಲ. ಆದರೆ ಇರುವೆಯ ಸಾಲು ಕಂಡರೂ ಕಸಬರಿಗೆ ನಿಲ್ಲಿಸುವ ನಮ್ಮಕ್ಕ, ಅಷ್ಟು ವರ್ಷದ ಮರಕ್ಕೆ ಗರಗಸ ಇಡಿಸಲು ಹೇಗೆ ಒಪ್ಪಿಯಾಳು? ಪುಣೆಯಲ್ಲಿದ್ದ ಮಗ ಅಜಿತನಿಗೆ ಫೋನು ಮಾಡಿದಳು.

ಅಜಿತನೂ ಅವನ ಹೆಂಡತಿ ಶೀತಲಳೂ ಪುಣೆಯ ಬಂಗಲೆ, ಕಾಲೊನಿಗಳ ಮರಗಳನ್ನು ಸವರಿ ಸರಿಪಡಿಸುವ ಕೆಲಸ ಮಾಡುತ್ತಾರೆ. ಶೀತಲ್ ಮಾಧವನಗರದ ಹುಡುಗಿ. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಅರ್ಧ ದಾರಿಗೆ ಮರಾಠಿಗೆ ಹೊರಳುತ್ತಾಳೆ. ಸೊಸೆಯದು ‘ಬಗೀಚಾದ ಕೆಲಸ’ ಎಂದು ಅಕ್ಕ ಓಣಿಯಲ್ಲೆಲ್ಲ ಹೇಳಿಟ್ಟಿದ್ದಳು. ಗುಲಾಬಿಗೆ ನೀರು ಹಾಕುತ್ತಾಳೆಂದು ಸ್ವತಃ ತಾನೂ ನಂಬಿದ್ದಳು. ಗಂಡ ಹೆಂಡತಿ ಇಬ್ಬರೇ ದೊಡ್ಡ ಚೀಲಗಳನ್ನು ಹೊತ್ತು ಬಂದಿಳಿದಾಗ ಅಕ್ಕ ಬಾಗಿಲಾಚೆ ಇಣುಕಿದಳು.

“ಮರಾ ಹತ್ತಾವ್ರು ಎಲ್ಲದಾರೋ?”

“ಇಕೀನ ಹತ್ತತಾಳವ್ವಾ,” ಎಂದ ಅಜಿತ.

“ಏನಂದಿ? ಮನಿ ಸೊಸಿ ಮರಾ ಹತ್ತೂದಾ? ಓಣಿ ಮಂದಿ ಏನಂದಾರು?”

ಶೀತಲ್ ಚೀಲದಿಂದ ತಲೆ ಎತ್ತದೆ ಹೇಳಿದಳು: “ಓಣಿ ಮಂದಿ ಖಾಲೀ ಇರತಾರ್ರಿ, ಅತ್ತಿ.”

ಅವಳು ಹೇಳಿದ್ದು ಮರಾಠಿಯ ‘ಖಾಲೀ’, ಅಂದರೆ ಕೆಳಗೆ. ಅಕ್ಕನ ಕಿವಿಗೆ ಬಿದ್ದದ್ದು ಕನ್ನಡದ ಖಾಲಿ, ಕೆಲಸವಿಲ್ಲದವರು. “ಅದಂತೂ ಖರೇ ಬಿಡು,” ಎಂದು ಅಕ್ಕ ನಕ್ಕುಬಿಟ್ಟಳು. ಎರಡು ಭಾಷೆಯ ಮನೆಗಳಲ್ಲಿ ಎಷ್ಟೋ ಜಗಳಗಳು ಹೀಗೆ ಹುಟ್ಟುವ ಮೊದಲೇ ಸಾಯುತ್ತವೆ.

ಶೀತಲ್ ಸಣ್ಣ ದಾರಕ್ಕೆ ಕಟ್ಟಿದ ಪುಟ್ಟ ತೂಕದ ಚೀಲವನ್ನು ತೂಗಿ ಎಸೆದಳು. ಅದು ಎಲೆಗಳ ನಡುವೆ ಹಕ್ಕಿಯಂತೆ ಹೋಗಿ, ಎತ್ತರದ ಗಟ್ಟಿ ಕವಲೊಂದನ್ನು ದಾಟಿ ಇಳಿಯಿತು. ಆ ದಾರದ ಹಿಂದೆ ಅವಳು ಮೇಲಕ್ಕೆ ಕಳಿಸಿದ್ದು ಒಂದು ಅಗಲವಾದ ಪಟ್ಟಿ. ಅದರ ಎರಡು ತುದಿಗೆ ಎರಡು ಲೋಹದ ಬಳೆಗಳು, ಒಂದು ದೊಡ್ಡದು, ಒಂದು ಚಿಕ್ಕದು. ಪಟ್ಟಿ ಟೊಂಗೆಯ ಮೇಲೆ ಕೂತಿತು. ಹತ್ತುವ ಹಗ್ಗ ಬಳೆಗಳೊಳಗಿಂದ ಹಾದು ಇಳಿಯಿತು. ಇಷ್ಟೆಲ್ಲ ಶೃಂಗಾರ ಯಾಕೆ, ಹಗ್ಗವನ್ನು ನೇರ ಟೊಂಗೆಯ ಮೇಲೆ ಹಾಕಬಾರದೇ ಎಂದು ಕೇಳಿದೆ. ಅವಳು ನನ್ನ ಮಣಿಕಟ್ಟಿನ ಮೇಲೆ ಒಂದು ದಾರವಿಟ್ಟು ಸರಕ್ಕನೆ ಎಳೆದಳು. ನಾನು ಹಾ ಎಂದು ಕೈ ಹಿಂದೆಗೆದೆ.

“ಝಾಡಕ್ಕೂ… ಮರಕ್ಕೂ ಹಂಗ ಆಗತೈತ್ರಿ ಮಾಮಾ. ಮತ್ತ ಹಗ್ಗಾನೂ ಸವೀತೈತಿ. ಮ್ಯಾಲ ಅದರ ಚರ್ಮಾ, ಖಾಲೀ ನನ್ನ ಜೀವಾ.”

ಮಣಿಕಟ್ಟು ಉಜ್ಜಿಕೊಳ್ಳುತ್ತ ನನಗೆ ಆರಗ ಹಳ್ಳಿಯ ಅಜ್ಜನ ಮನೆಯ ಬಾವಿ ನೆನಪಾಯಿತು. ಅಲ್ಲಿನ ಕಲ್ಲಿನ ಅಂಚಿನಲ್ಲಿ ಹಗ್ಗ ಕೊರೆದ ಗೆರೆಗಳಲ್ಲಿ ನನ್ನ ಬೆರಳು ಪೂರ್ತಿ ಮುಳುಗುತ್ತಿತ್ತು. ಗಡಗಡಿ, ಅಂದರೆ ರಾಟೆ, ಬಂದ ಮೇಲೆ ಕಲ್ಲೂ ಉಳಿಯಿತು, ಹಗ್ಗವೂ ಉಳಿಯಿತು. ಉಜ್ಜಾಟ, ಪುಸ್ತಕದ ಮಾತಿನಲ್ಲಿ ಘರ್ಷಣೆ, ವಿಚಿತ್ರ ಶಕ್ತಿ. ಯಜ್ಞದ ಅರಣಿಯಲ್ಲಿ ಕಟ್ಟಿಗೆಯಿಂದ ಬೆಂಕಿ ತೆಗೆಯುವುದು ಅದೇ. ನಾವು ನೆಲದ ಮೇಲೆ ಜಾರದೆ ನಡೆಯುವುದೂ ಅದರಿಂದಲೇ. ಅದಿಲ್ಲದಿದ್ದರೆ ನನ್ನ ಹೆಂಡತಿಯ ಗಂಟೂ ನಿಲ್ಲುತ್ತಿರಲಿಲ್ಲ. ನನ್ನ ಗಂಟುಗಳಲ್ಲಿ ಮಾತ್ರ ಅದು ರಜೆ ಹಾಕುತ್ತದೆ.

ಶೀತಲ್ ಸೊಂಟದ ಬೆಲ್ಟಿಗೆ ಹಗ್ಗ ಸಿಕ್ಕಿಸಿಕೊಂಡು ಹತ್ತಿದಳು. ಹತ್ತಿದಳು ಎನ್ನುವುದಕ್ಕಿಂತ ಮರ ಅವಳನ್ನು ಮೆಲ್ಲಗೆ ಒಳಗೆ ಕರೆದುಕೊಂಡಿತು ಎನ್ನಬೇಕು. ಹಗ್ಗ ಬಳೆಗಳಲ್ಲಿ ಸದ್ದಿಲ್ಲದೆ ಹರಿಯುತ್ತಿತ್ತು. ಮುರಿದ ಟೊಂಗೆಯ ಹತ್ತಿರ ಅವಳು ಕಾಲಿಟ್ಟಳೋ ಇಲ್ಲವೋ, ಗಾಳಿ ಬೀಸಿ ಅದು ಚಟಾರನೆ ಇನ್ನಷ್ಟು ಸೀಳಿತು. ಶೀತಲ್ ಕಾಲು ಕಿತ್ತು ಬಯಲಿಗೆ ಹಾರಿದಳು. ಬಾಳು ಕಾಕಾ “ಅರೇ ದೇವಾ!” ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡು ನಮ್ಮ ಜೈನರ ಣಮೋಕಾರ ಮಂತ್ರ ಹಿಡಿದಳು. ನಮ್ಮ ತಲೆಯ ಮೇಲೆ, ಆ ಒಂದು ಪಟ್ಟಿಯ ಭರವಸೆಯಲ್ಲಿ, ಒಂದು ಜೀವ ಅತ್ತಿಂದಿತ್ತ ತೂಗುತ್ತಿತ್ತು.

“ನಾ ಠೀಕ ಅದೇನ್ರಿ,” ಎಂದು ಮೇಲಿಂದ ದನಿ ಬಂತು. “ಅತ್ತಿ, ಕಣ್ಣ ತಗೀರಿ!”

ಅವಳು ತೂಗಿ ಮತ್ತೆ ಬಂದು ಮುರಿದ ಟೊಂಗೆಗೆ ಇನ್ನೊಂದು ದಪ್ಪ ಹಗ್ಗ ಬಿಗಿದು, ಅದನ್ನು ಮೇಲಿನ ಕವಲಿಗೆ ಕಟ್ಟಿದ ರಾಟೆಯ ಮೇಲಿಂದ ಇಳಿಬಿಟ್ಟಳು. ಆ ಹಗ್ಗದ ತುದಿಯನ್ನು ಅಜಿತ, ಗೋಣಿಚೀಲ ಹೊದಿಸಿದ ಮರದ ಬುಡಕ್ಕೆ ಸುತ್ತುಸುತ್ತಾಗಿ ಸುತ್ತಿದ. ಮೇಲೆ ತಪ್ಪಿಸಿದ ಉಜ್ಜಾಟವೇ ಇಲ್ಲಿ ಭಾರ ಹೊರಬೇಕಿತ್ತು. ಆದರೆ ಅಜಿತ ಬೇರೊಂದು ಹಗ್ಗದಿಂದ ಟೊಂಗೆಯನ್ನು ತಗಡಿನಿಂದ ಆಚೆ ಎಳೆಯಬೇಕಾದದ್ದರಿಂದ ಈ ತುದಿ ಹಿಡಿಯಲು ಒಬ್ಬರು ಬೇಕಾಯಿತು. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಅಷ್ಟರಲ್ಲಿ ಅಕ್ಕ ಸೆರಗು ಸಿಕ್ಕಿಸಿ, ಮಗನ ಕೈಗವಸು ತೊಟ್ಟು, ಹಗ್ಗ ಹಿಡಿದಾಗಿತ್ತು.

“ಜೋರ ಹಿಡೀಬ್ಯಾಡ್ರಿ ಅತ್ತಿ,” ಮೇಲಿಂದ ಶೀತಲ್ ಹೇಳಿದಳು. “ಹಗ್ಗಾನ ಹಿಡೀತೈತಿ. ನೀವು ಹಳೂ ಹಳೂ ಬಿಡ್ರಿ.”

ಗರಗಸ ಆಡಿತು. ಟೊಂಗೆ ಕಳಚಿಕೊಂಡಿತು. ಬೀಳಲಿಲ್ಲ. ಮೊಣಕಾಲು ನೋವೆಂದು ದಿನಾ ನರಳುವ ನಮ್ಮ ಬಡಕಲು ಅಕ್ಕನ ಕೈಯಿಂದ ಹಗ್ಗ ಒಂದೊಂದೇ ಗೇಣು ಜಾರುತ್ತ, ಅಷ್ಟು ದೊಡ್ಡ ಟೊಂಗೆ ತೊಟ್ಟಿಲ ಕೂಸಿನಂತೆ ಇಳಿದು ಅಂಗಳದಲ್ಲಿ ಮಲಗಿತು. ತಗಡು ‘ಟಣ್’ ಎನ್ನಲೂ ಇಲ್ಲ. ಬಾಳು ಕಾಕಾ ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿಸಿ ತಂದರು.

ಕೆಲಸ ಮುಗಿಸಿ ಶೀತಲ್ ಇಳಿದಿದ್ದಳು. ಮೇಲಿನ ಪಟ್ಟಿಯನ್ನು ನೆಲದಿಂದಲೇ ಹಗ್ಗ ಎಳೆದು ಕಳಚುವ ಉಪಾಯವೊಂದಿದೆಯಂತೆ; ಅಜಿತ ಅದಕ್ಕೆ ಕೈ ಹಾಕಿದ.

“ತಡಿಯೋ,” ಎಂದಳು ಅಕ್ಕ. ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು. “ನನ್ನ ಮ್ಯಾಲ ಒಯ್ಯಾಕ ಬರತೈತೇನವಾ?”

ಅಕ್ಕ ಸೊಸೆಯ ಸಲವಾರ ತೊಟ್ಟು, ಸೊಂಟಕ್ಕೂ ತೊಡೆಗೂ ಅವಳು ಬಿಚ್ಚಿಕೊಟ್ಟ ಬೆಲ್ಟು ಬಿಗಿಸಿಕೊಂಡು ಬಂದಾಗ ನಗುವ ಧೈರ್ಯ ಯಾರಿಗೂ ಆಗಲಿಲ್ಲ. ಗಂಡ ಹೆಂಡತಿ ಹಗ್ಗ ಎಳೆದರು. ಅಕ್ಕ ತಿರುಗುತ್ತ ತಿರುಗುತ್ತ ಎಲೆಗಳೊಳಗೆ ಏರಿ, ದೊಡ್ಡ ಕವಲಿನಲ್ಲಿ ಕೂತಳು. ಟೊಂಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

“ಅಕ್ಕಾ, ಅಂಜಿಕಿ ಬಂತೇನ?” ಎಂದು ಕೂಗಿದೆ.

“ತಮ್ಮಾ, ಹೊಳಿ ಕಾಣತೈತೋ!”

“ಕೃಷ್ಣಾ ಹೊಳಿ ಇಲ್ಲೇ ಐತಲ್ಲ! ದಿನಾ ಪೂಲ ಮ್ಯಾಲಿಂದ ದಾಟತಿ!”

“ದಾಟೂದು ಬ್ಯಾರೆ. ಈ ಮನಿಯಿಂದ ನಾ ಹೊಳಿ ನೋಡಿದ್ದು ಅದು ಅಡಗಿಮನಿಯೊಳಗ ಬಂದಾಗಷ್ಟ. ತನ್ನ ಪಾಡಿಗೆ ತಾ ಹೊಂಟಿದ್ದು ಇವತ್ತ ನೋಡಾಕತ್ತೇನಿ. ಎಷ್ಟ ಶಾಂತ ಐತೋ…”

ನೆರೆ ಬಂದಾಗಲೆಲ್ಲ ಕೆಸರು ಬಾಚಿದವಳು ಹೊಳೆಯನ್ನು ಕ್ಷಮಿಸಲು ಒಂದಿಷ್ಟು ಎತ್ತರ ಬೇಕಾಗುತ್ತದೋ ಏನೋ. ಕೆಳಗೆ ಚಹಾ ಆರುತ್ತಿತ್ತು. ಹಗ್ಗ ಹಿಡಿದು ನಿಂತ ಶೀತಲ್ ಮೇಲೆ ನೋಡಿ, “ಕುಂದ್ರಿ ಅತ್ತಿ,” ಎಂದಳು, “ಸಾವಕಾಶ ಕುಂದ್ರಿ.”